ಮೊದಲ ಸಲ ಲಿನಕ್ಸ್ ಹಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರಿನ ನಮ್ಮ ಮನೆಗೆ ಹಳೆ ಲ್ಯಾಪ್‌ಟಾಪ್ ಹಿಡಿದುಕೊಂಡು ಬರುವವರಲ್ಲಿ ಕಾಲೇಜು ಹುಡುಗರಿದ್ದಾರೆ, ತೋಟದ ಲೆಕ್ಕ ಬರೆಯುವವರಿದ್ದಾರೆ, ರಿಟೈರ್ ಆದ ಮೇಷ್ಟ್ರುಗಳಿದ್ದಾರೆ. ಹಾಸನ, ಬೇಲೂರು, ಸಕಲೇಶಪುರದಿಂದ ಫೋನ್ ಮಾಡುವವರೂ ಇದ್ದಾರೆ. ಊರು ಬೇರೆ, ವಯಸ್ಸು ಬೇರೆ, ಕೇಳುವುದು ಮಾತ್ರ ಹೆಚ್ಚುಕಮ್ಮಿ ಅದನ್ನೇ. ಅವರ ಮಾತಿನಲ್ಲೇ ಪ್ರಶ್ನೆಗಳನ್ನು ಇಲ್ಲಿ ಇಟ್ಟಿದ್ದೇನೆ. ನಿಮಗೆ ಬೇಕಾದ್ದನ್ನಷ್ಟೇ ಓದಿಕೊಳ್ಳಿ. ಆದರೆ ಬ್ಯಾಕಪ್ ಬಗ್ಗೆ, ಅಂದರೆ ಡಿ ಡ್ರೈವ್ ಪ್ರಶ್ನೆಗೆ, ಇರುವ ಉತ್ತರ ಓದದೆ ಇನ್‌ಸ್ಟಾಲ್‌ಗೆ ಕೈ ಹಾಕಬೇಡಿ.

## ಏನು, ಯಾಕೆ

ಲಿನಕ್ಸ್ ಅಂದ್ರೆ ವಿಂಡೋಸ್ ಒಳಗೆ ಹಾಕೋ ಸಾಫ್ಟ್‌ವೇರಾ?

ಅಲ್ಲ. ವಿಂಡೋಸ್ ಕೂರುವ ಜಾಗದಲ್ಲಿ ಕೂರುವ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಅದು. ಕೀಬೋರ್ಡು, ಪರದೆ, ಡಿಸ್ಕು, ವೈಫೈ ಎಲ್ಲವನ್ನೂ ಅದೇ ನೋಡಿಕೊಳ್ಳುತ್ತದೆ. 1991ರಲ್ಲಿ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ ಇದರ ತಿರುಳನ್ನು, ಅಂದರೆ ಕರ್ನಲ್ ಅನ್ನು, ಬರೆಯಲು ಶುರು ಮಾಡಿದರು. ನಿಮ್ಮ ಆಂಡ್ರಾಯ್ಡ್ ಫೋನಿನ ಒಳಗೂ ಇರುವುದು ಲಿನಕ್ಸ್ ಕರ್ನಲ್ಲೇ. ಅಂದರೆ ನೀವು ಈಗಾಗಲೇ ದಿನಾ ಇದನ್ನು ಬಳಸುತ್ತಿದ್ದೀರಿ.

ನಂದು 2015ರ ಲ್ಯಾಪ್‌ಟಾಪ್. ವಿಂಡೋಸ್ 11 ಬರಲ್ಲ ಅಂತಾರೆ. ಗುಜರಿಗೆ ಹಾಕೋದೇನಾ?

ದಯವಿಟ್ಟು ಹಾಕಬೇಡಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಚಿಪ್ ಇರಬೇಕು, ಇಂಟೆಲ್ ಆದರೆ ಸುಮಾರಾಗಿ ಎಂಟನೇ ತಲೆಮಾರಿನ ಪ್ರೊಸೆಸರ್ ಇರಬೇಕು. ನಿಮ್ಮ ಯಂತ್ರ ಅದಕ್ಕಿಂತ ಹಳೆಯದು, ಅಷ್ಟೇ. ಕೆಟ್ಟಿಲ್ಲ. 2015ರ ಐ3 ಅಥವಾ ಐ5 ಲ್ಯಾಪ್‌ಟಾಪ್ ಮೇಲೆ ಲಿನಕ್ಸ್ ಆರಾಮಾಗಿ ಓಡುತ್ತದೆ.

ಒಂದು ಖರ್ಚು ಮಾತ್ರ ಮಾಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಒಳಗಿರುವ ತಿರುಗುವ ಹಾರ್ಡ್ ಡಿಸ್ಕ್ ತೆಗೆಸಿ 256 ಜಿಬಿಯ ಎಸ್‌ಎಸ್‌ಡಿ ಹಾಕಿಸಿ. ಹಳೆ ಯಂತ್ರ ನಿಧಾನ ಆಗಿದ್ದರೆ ಬಹಳ ಸಲ ಅದಕ್ಕೆ ಆ ಡಿಸ್ಕೇ ಕಾರಣ. ಮನೆಯಲ್ಲಿ ಮೂಲೆ ಸೇರಿದ ಲ್ಯಾಪ್‌ಟಾಪ್ ಒಂದು ಮಗುವಿನ ಓದಿಗೆ ಮತ್ತೆ ಎದ್ದು ಕೂತರೆ ನನಗೆ ಆಗುವ ಸಂತೋಷ ಅಷ್ಟಿಷ್ಟಲ್ಲ.

ಪುಕ್ಕಟೆ ಅಂತೀರಲ್ಲ, ಹಾಗಾದ್ರೆ ಅವರಿಗೆ ಏನು ಲಾಭ?

ನ್ಯಾಯವಾದ ಪ್ರಶ್ನೆ. ಲಿನಕ್ಸ್ ಕರ್ನಲ್ ಇಟ್ಟುಕೊಂಡು ಬೇರೆ ಬೇರೆಯವರು ತಯಾರಿಸಿದ ಸಿಸ್ಟಮ್‌ಗಳಿವೆ. ಉಬುಂಟು, ಮಿಂಟ್ ಅನ್ನುವುದು ಅಂಥವುಗಳ ಹೆಸರು. ಉಬುಂಟು ತಯಾರಿಸುವ ಕೆನಾನಿಕಲ್ ಕಂಪನಿ ದೊಡ್ಡ ಸಂಸ್ಥೆಗಳಿಗೆ ಸೇವೆ ಮಾರಿ ದುಡ್ಡು ಮಾಡುತ್ತದೆ. ಲಿನಕ್ಸ್ ಮಿಂಟ್ ಹೆಚ್ಚಾಗಿ ಬಳಸುವವರ ದೇಣಿಗೆ ಮತ್ತು ಪ್ರಾಯೋಜಕರಿಂದ ನಡೆಯುತ್ತದೆ. ಕರ್ನಲ್‌ಗೆ ಇಂಟೆಲ್, ಗೂಗಲ್, ರೆಡ್ ಹ್ಯಾಟ್‌ನಂಥ ಕಂಪನಿಗಳ ಎಂಜಿನಿಯರುಗಳೇ ಕೋಡ್ ಬರೆಯುತ್ತಾರೆ, ಯಾಕೆಂದರೆ ಅವರ ಸರ್ವರುಗಳು ಓಡುವುದು ಇದರ ಮೇಲೆ. ಇಷ್ಟೆಲ್ಲ ಕೆಲಸದ ಫಲ ನಿಮಗೂ ನನಗೂ ಪುಕ್ಕಟೆ ಸಿಗುತ್ತಿದೆ.

ನಾನು ಮಾಡೋ ಕೆಲಸ ಎಲ್ಲಾ ಅದ್ರಲ್ಲಿ ಆಗುತ್ತಾ?

ಈ ಪ್ರಶ್ನೆಯನ್ನು ಮೊದಲು ಕೇಳುವವರು ಕಡಿಮೆ. ಎಲ್ಲರೂ "ಯಾವ ಲಿನಕ್ಸ್ ಒಳ್ಳೇದು" ಅಂತ ಶುರು ಮಾಡುತ್ತಾರೆ. ನಾನು ಅವರ ಕೈಗೆ ಒಂದು ಹಾಳೆ ಕೊಡುತ್ತೇನೆ. ಒಂದು ವಾರ ಕಂಪ್ಯೂಟರಿನಲ್ಲಿ ಏನೇನು ತೆರೆದಿರಿ ಅಂತ ಬರೆದುಕೊಂಡು ಬನ್ನಿ ಅನ್ನುತ್ತೇನೆ. ನಿರ್ಧಾರ ಮಾಡಬೇಕಾದದ್ದು ಆ ಹಾಳೆ.

ಹಾಳೆಯಲ್ಲಿ ಬ್ರೌಸರ್, ಯೂಟ್ಯೂಬ್, ವಾಟ್ಸ್ಯಾಪ್ ವೆಬ್, ಜೂಮ್, ಬ್ಯಾಂಕು, ಪಿಡಿಎಫ್, ಪತ್ರ ಬರೆಯೋದು, ಎಕ್ಸೆಲ್‌ನಲ್ಲಿ ಸಣ್ಣ ಲೆಕ್ಕ ಇಷ್ಟೇ ಇದ್ದರೆ ಚಿಂತೆಯೇ ಬೇಡ. ಲಿಬ್ರೆ ಆಫೀಸ್ ವರ್ಡ್, ಎಕ್ಸೆಲ್ ಫೈಲುಗಳನ್ನು ತೆರೆಯುತ್ತದೆ. ದೊಡ್ಡ ಮ್ಯಾಕ್ರೋ ಇರುವ ಎಕ್ಸೆಲ್ ಫೈಲು ಮಾತ್ರ ಕೈ ಕೊಡಬಹುದು, ಮೊದಲೇ ಪರೀಕ್ಷಿಸಿ. ಎಂಜಿನಿಯರಿಂಗ್ ಹುಡುಗರಿಗೆ ಸಿ, ಪೈಥಾನ್, ಜಾವಾ ಎಲ್ಲ ವಿಂಡೋಸ್‌ಗಿಂತ ಇಲ್ಲೇ ಸಲೀಸು.

ಹಾಳೆಯಲ್ಲಿ ಟ್ಯಾಲಿ, ಫೋಟೋಶಾಪ್, ಕೋರೆಲ್‌ಡ್ರಾ, ಆಟೋಕ್ಯಾಡ್ ಇದ್ದರೆ ಸ್ವಲ್ಪ ನಿಲ್ಲಿ. ಇವು ಲಿನಕ್ಸ್‌ಗೆ ಅಂತ ಬರುವುದಿಲ್ಲ. ವೈನ್ ಅನ್ನುವ ಸಾಧನದಿಂದ ಕೆಲವು ಓಡುತ್ತವೆ, ಆದರೆ ಅನ್ನ ಕೊಡುವ ಕೆಲಸವನ್ನು ಅದರ ಮೇಲೆ ನಿಲ್ಲಿಸಬೇಡಿ. ಫ್ಲೆಕ್ಸ್ ಅಂಗಡಿಯವರು, ಆಡಿಟರ್ ಕಚೇರಿಯವರು, ಬೆರಳ ಗುರುತು ತೆಗೆಯುವ ಯಂತ್ರ ಇಟ್ಟುಕೊಂಡು ಸೇವಾ ಕೇಂದ್ರ ನಡೆಸುವವರು ಕೆಲಸದ ಯಂತ್ರದಲ್ಲಿ ವಿಂಡೋಸ್ ಬಿಡಬೇಡಿ. ಮನೆಯ ಇನ್ನೊಂದು ಯಂತ್ರದಲ್ಲಿ ಲಿನಕ್ಸ್ ಹಾಕಿ ಕಲಿಯಿರಿ. ಆಟಗಳ ವಿಷಯವೂ ಹೀಗೇ. ಸ್ಟೀಮ್‌ನ ಬಹಳಷ್ಟು ಆಟ ಓಡುತ್ತವೆ, ವ್ಯಾಲರಂಟ್ ಓಡುವುದಿಲ್ಲ.

## ಆರಿಸುವುದು

ಇಷ್ಟೊಂದು ಹೆಸರಿದೆ, ತಲೆ ಕೆಡುತ್ತೆ. ಯಾವುದು ಹಾಕ್ಲಿ, ಒಂದೇ ಮಾತಲ್ಲಿ ಹೇಳಿ

ಲಿನಕ್ಸ್ ಮಿಂಟ್. ವಿಂಡೋಸ್‌ನಿಂದ ಬಂದವರಿಗೆ ಕೆಳಗಡೆ ಪಟ್ಟಿ, ಎಡ ಮೂಲೆಯಲ್ಲಿ ಮೆನು, ಬಲಗಡೆ ಗಡಿಯಾರ ಎಲ್ಲ ಇದ್ದಲ್ಲೇ ಇರುತ್ತದೆ. ನಮ್ಮ ತಾಯಿ ಮೊದಲ ದಿನವೇ ಯಾರ ಸಹಾಯವೂ ಇಲ್ಲದೆ ಬಳಸಿದರು. ಮಿಂಟ್ 22 ಸರಣಿ ಉಬುಂಟು 24.04ರ ಮೇಲೆ ನಿಂತಿದೆ, 2029ರವರೆಗೆ ಅಪ್‌ಡೇಟ್ ಸಿಗುತ್ತದೆ.

ಫೋನಿನ ಥರದ ನೋಟ ಇಷ್ಟ ಆದರೆ ಉಬುಂಟು ಹಾಕಿ. ಪ್ರತಿ ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುವ ಎಲ್‌ಟಿಎಸ್ ಆವೃತ್ತಿಯನ್ನೇ, ಅಂದರೆ ಹೆಚ್ಚು ವರ್ಷ ಅಪ್‌ಡೇಟ್ ಸಿಗುವುದನ್ನೇ, ತೆಗೆದುಕೊಳ್ಳಿ. ಫೆಡೋರಾ, ಡೆಬಿಯನ್ ಒಳ್ಳೆಯವು, ಎರಡನೇ ಸಲಕ್ಕೆ ಇಟ್ಟುಕೊಳ್ಳಿ. ಆರ್ಚ್ ಹಾಕು ಅಂತ ಗೆಳೆಯರು ಹುರಿದುಂಬಿಸಿದರೆ ಆರು ತಿಂಗಳು ತಡೆಯಿರಿ. ಕಾಲಿ ಲಿನಕ್ಸ್ ಸೆಕ್ಯುರಿಟಿ ಪರೀಕ್ಷೆ ಮಾಡುವವರ ಸಾಧನ, ದಿನಬಳಕೆಗೆ ಮಾಡಿದ್ದಲ್ಲ. ಅದನ್ನು ಮೊದಲ ಸಿಸ್ಟಮ್ ಮಾಡಿಕೊಂಡು ಬೇಸತ್ತು ಲಿನಕ್ಸನ್ನೇ ಬಿಟ್ಟ ಹುಡುಗರನ್ನು ನೋಡಿದ್ದೇನೆ, ಅದು ಬೇಜಾರಿನ ಸಂಗತಿ.

ರ‍್ಯಾಮ್ ಬರೀ 4 ಜಿಬಿ ಇದೆ. ಸಾಕಾಗುತ್ತಾ?

ಸಾಕು. ಮಿಂಟ್‌ನಲ್ಲಿ ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಅಂತ ಮೂರು ರೂಪ ಇವೆ. 4 ಜಿಬಿ ಇದ್ದರೆ ಎಕ್ಸ್‌ಎಫ್‌ಸಿಇ ತೆಗೆದುಕೊಳ್ಳಿ, ಅದು ಹಗುರ. 8 ಜಿಬಿ ಇದ್ದರೆ ಸಿನಮನ್. 2 ಜಿಬಿಯಲ್ಲೂ ಶುರುವಾಗುತ್ತದೆ, ಆದರೆ ಇವತ್ತಿನ ವೆಬ್‌ಸೈಟುಗಳೇ ಭಾರ. ಬ್ರೌಸರಿನಲ್ಲಿ ನಾಲ್ಕು ಟ್ಯಾಬ್ ತೆರೆದರೆ ಉಸಿರು ಕಟ್ಟುತ್ತದೆ.

ಹಾಕದೇನೇ ಒಂದ್ಸಲ ನೋಡೋಕೆ ಆಗುತ್ತಾ?

ಆಗುತ್ತದೆ, ನೋಡಲೇಬೇಕು. ಪೆನ್‌ಡ್ರೈವಿನಿಂದ ಶುರು ಮಾಡಿದರೆ ಡಿಸ್ಕನ್ನು ಮುಟ್ಟದೆ ಪೂರ್ತಿ ಸಿಸ್ಟಮ್ ತೆರೆದುಕೊಳ್ಳುತ್ತದೆ. ಇದಕ್ಕೆ ಲೈವ್ ಅನ್ನುತ್ತಾರೆ. ಅಲ್ಲಿ ವೈಫೈ ಸಿಗುತ್ತಾ, ಶಬ್ದ ಬರುತ್ತಾ, ಕ್ಯಾಮೆರಾ, ಟಚ್‌ಪ್ಯಾಡ್, ಮುಚ್ಚಿ ತೆರೆದರೆ ಎಚ್ಚರ ಆಗುತ್ತಾ ಅಂತ ಅರ್ಧ ಗಂಟೆ ಪರೀಕ್ಷಿಸಿ. ವೇಗವನ್ನು ಮಾತ್ರ ಇಲ್ಲಿ ಅಳೆಯಬೇಡಿ. ಪೆನ್‌ಡ್ರೈವಿನಿಂದ ಓಡುವುದರಿಂದ ನಿಧಾನ ಇರುತ್ತದೆ.

## ತಯಾರಿ

ಮಿಂಟ್ ಸುಮಾರು 3 ಜಿಬಿ ಡೌನ್‌ಲೋಡ್ ಅಂತೆ. ನಮ್ಮ ಕಳಸದ ನೆಟ್‌ವರ್ಕಲ್ಲಿ ಹೇಗೆ ಸಾಧ್ಯ?

ಬ್ರೌಸರಿನಲ್ಲಿ ನೇರ ಇಳಿಸಿಕೊಂಡರೆ 90 ಪರ್ಸೆಂಟಿಗೆ ಬಂದು ನಿಂತು ಮತ್ತೆ ಮೊದಲಿಂದ ಶುರು ಆಗುವ ಕಷ್ಟ ನನಗೆ ಗೊತ್ತು. ಮಿಂಟ್, ಉಬುಂಟು ಎರಡಕ್ಕೂ ಅಧಿಕೃತ ಟೊರೆಂಟ್, ಅಂದರೆ ಫೈಲನ್ನು ತುಣುಕು ತುಣುಕಾಗಿ ಇಳಿಸುವ ದಾರಿ, ಇದೆ. ಅದರಲ್ಲಿ ಇಳಿಸಿ. ಸಿಗ್ನಲ್ ಹೋದರೆ ನಿಲ್ಲುತ್ತದೆ, ಬಂದರೆ ನಿಂತಲ್ಲಿಂದ ಮುಂದುವರಿಯುತ್ತದೆ. ಬಂದ ಪ್ರತಿ ತುಣುಕು ಸರಿ ಇದೆಯಾ ಅಂತ ಅದೇ ಪರೀಕ್ಷೆ ಮಾಡಿಕೊಳ್ಳುತ್ತದೆ. ದಿನಕ್ಕೆ 1.5 ಜಿಬಿ ಸಿಗುವ ಫೋನ್ ಪ್ಲಾನ್ ಇದ್ದರೆ ಎರಡು ಮೂರು ದಿನ ಇಟ್ಟುಕೊಂಡರೆ ಆಯಿತು.

ಇಲ್ಲದಿದ್ದರೆ ಚಿಕ್ಕಮಗಳೂರಿಗೋ ಹಾಸನಕ್ಕೋ ಬಂದಾಗ ಫೈಬರ್ ಇರುವ ಸ್ನೇಹಿತರ ಮನೆಯಲ್ಲಿ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಒಬ್ಬರು ಇಳಿಸಿದ್ದನ್ನು ಹತ್ತು ಜನ ಹಂಚಿಕೊಳ್ಳುವುದಕ್ಕೆ ಕಾನೂನಿನ ಅಡ್ಡಿ ಇಲ್ಲ. ಟೊರೆಂಟ್ ಅಲ್ಲದೆ ಬೇರೆ ದಾರಿಯಲ್ಲಿ ಬಂದ ಫೈಲಿನ ಶಾ256 ಸಂಖ್ಯೆಯನ್ನು ಅಧಿಕೃತ ಸೈಟಿನ ಸಂಖ್ಯೆಗೆ ಹೋಲಿಸಿ, ಎರಡೂ ಒಂದೇ ಆದರೆ ಫೈಲು ಸರಿಯಾಗಿದೆ ಅಂತ ಅರ್ಥ. ಪೆನ್‌ಡ್ರೈವ್ ತಯಾರಿಸಲು ಬಳಸುವ ರೂಫಸ್ ಅನ್ನುವ ವಿಂಡೋಸ್ ಸಾಫ್ಟ್‌ವೇರಿನಲ್ಲಿ ಫೈಲು ಆರಿಸಿ ಪಕ್ಕದ ಟಿಕ್ ಗುರುತು ಒತ್ತಿದರೆ ಆ ಸಂಖ್ಯೆ ಕಾಣುತ್ತದೆ.

ಪೆನ್‌ಡ್ರೈವಿಗೆ ಐಎಸ್‌ಒ ಕಾಪಿ ಮಾಡಿದೆ, ಬೂಟ್ ಆಗ್ತಿಲ್ಲ

ಐಎಸ್‌ಒ ಅಂದರೆ ನೀವು ಇಳಿಸಿಕೊಂಡ ಆ ದೊಡ್ಡ ಫೈಲು. ಅದನ್ನು ಸುಮ್ನೆ ಕಾಪಿ ಮಾಡಿದರೆ ಆಗುವುದಿಲ್ಲ, ಬರೆಯಬೇಕು. 8 ಜಿಬಿಯ ಪೆನ್‌ಡ್ರೈವ್ ಸಾಕು. ವಿಂಡೋಸ್‌ನಲ್ಲಿ ರೂಫಸ್ ತೆರೆದು, ಪೆನ್‌ಡ್ರೈವ್ ಮತ್ತು ಐಎಸ್‌ಒ ಆರಿಸಿ, ಸ್ಟಾರ್ಟ್ ಒತ್ತಿ. ಪೆನ್‌ಡ್ರೈವಿನಲ್ಲಿದ್ದ ಮದುವೆ ಫೋಟೋ, ಹಾಡು ಎಲ್ಲ ಅಳಿಸಿ ಹೋಗುತ್ತದೆ, ಮೊದಲೇ ತೆಗೆದಿಡಿ. ಎರಡು ಮೂರು ಲಿನಕ್ಸ್ ನೋಡುವ ಆಸೆ ಇದ್ದರೆ ಪೆನ್‌ಡ್ರೈವಿಗೆ ವೆಂಟಾಯ್ ಅನ್ನುವ ಸಾಧನ ಹಾಕಿಕೊಳ್ಳಿ. ಅದರಲ್ಲಿ ಮಾತ್ರ ಐಎಸ್‌ಒ ಫೈಲುಗಳನ್ನು ಸುಮ್ನೆ ಕಾಪಿ ಮಾಡಿದರೆ ಸಾಕು.

ಪೆನ್‌ಡ್ರೈವ್ ಹಾಕಿದ್ರೂ ವಿಂಡೋಸೇ ಬರುತ್ತೆ, ಏನ್ಮಾಡ್ಲಿ?

ಆನ್ ಮಾಡಿದ ಕೂಡಲೇ ಬೂಟ್ ಮೆನುವಿನ ಕೀ ಒತ್ತುತ್ತಾ ಇರಿ. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12. ಎಚ್‌ಪಿಯಲ್ಲಿ ಎಸ್ಕೇಪ್, ಆಮೇಲೆ ಎಫ್9. ಏಸುಸ್ ಲ್ಯಾಪ್‌ಟಾಪಿನಲ್ಲಿ ಎಸ್ಕೇಪ್. ಏಸರ್‌ನಲ್ಲಿ ಎಫ್12, ಆದರೆ ಹಲವು ಮಾಡೆಲ್‌ಗಳಲ್ಲಿ ಮೊದಲು ಎಫ್2 ಒತ್ತಿ ಸೆಟಪ್ ಒಳಗೆ ಹೋಗಿ ಅದನ್ನು ಆನ್ ಮಾಡಬೇಕು. ಕೀ ಹಿಡಿಯಲು ಆಗದೇ ಇದ್ದರೆ ವಿಂಡೋಸ್‌ನಲ್ಲೇ ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಡಿ. ಬರುವ ನೀಲಿ ಪರದೆಯಲ್ಲಿ ಬೇರೆ ಸಾಧನ ಬಳಸುವ ಆಯ್ಕೆ ಇರುತ್ತದೆ.

ಫೈಲೆಲ್ಲಾ ಡಿ ಡ್ರೈವ್‌ನಲ್ಲಿದೆ, ಅದು ಸೇಫ್ ಅಲ್ವಾ?

ಅಲ್ಲ. ಸಿ, ಡಿ ಅನ್ನುವುದು ವಿಂಡೋಸ್ ಇಟ್ಟುಕೊಂಡ ಹೆಸರು. ಸಾಮಾನ್ಯವಾಗಿ ಎರಡೂ ಒಂದೇ ಡಿಸ್ಕಿನ ಎರಡು ಭಾಗ. ಲಿನಕ್ಸ್ ಇನ್‌ಸ್ಟಾಲರ್‌ನಲ್ಲಿ "ಡಿಸ್ಕ್ ಅಳಿಸು" ಅಂತ ಆರಿಸಿದರೆ ಪೂರ್ತಿ ಡಿಸ್ಕ್ ಹೋಗುತ್ತದೆ, ಡಿ ಕೂಡ.

ವರ್ಷಗಳ ಹಿಂದೆ ಸಕಲೇಶಪುರದಲ್ಲಿ ನಮ್ಮ ಚಿಕ್ಕಪ್ಪನ ಲ್ಯಾಪ್‌ಟಾಪಿಗೆ ಹಾಕುವಾಗ ನಾನೇ ಈ ತಪ್ಪು ಮಾಡಿದೆ. ಡಿ ಡ್ರೈವಿನಲ್ಲಿ ನಾಲ್ಕು ವರ್ಷದ ಚೆಕ್‌ರೋಲ್ ಇತ್ತು, ಯಾವ ಆಳು ಎಷ್ಟು ದಿನ ಬಂದರು, ಎಷ್ಟು ಅಡ್ವಾನ್ಸ್ ತಗೊಂಡರು ಅಂತ. ಎಲ್ಲ ಹೋಯಿತು. ಕಾಫಿ ಕೊಯ್ಲಿನ ಕಾಲ, ಬಟವಾಡೆ ಶನಿವಾರ ಇತ್ತು. ಚಿಕ್ಕಮ್ಮ ಹಳೆ ಪುಸ್ತಕ, ಚೀಟಿ ಎಲ್ಲ ಹುಡುಕಿ ಮೂರು ರಾತ್ರಿ ಕೂತು ಮತ್ತೆ ಬರೆದರು. ಅವರು ನನಗೆ ಒಂದು ಮಾತೂ ಬೈಯಲಿಲ್ಲ. ಆ ಮೂರು ರಾತ್ರಿ ನನಗೆ ಇವತ್ತಿಗೂ ಮರೆತಿಲ್ಲ.

ಅವತ್ತಿನಿಂದ ನನ್ನ ನಿಯಮ ಒಂದೇ. ಬೇಕಾದ ಫೈಲುಗಳು ಹೊರಗಿನ ಹಾರ್ಡ್ ಡಿಸ್ಕಿಗೆ ಹೋಗಬೇಕು. ಆ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಚುಚ್ಚಿ ನಾಲ್ಕೈದು ಫೈಲು ತೆರೆದು ನೋಡಬೇಕು. ಆಮೇಲೆ ಅದನ್ನು ಕಿತ್ತು ಬೀರುವಿನಲ್ಲಿಟ್ಟು ಇನ್‌ಸ್ಟಾಲ್ ಶುರು ಮಾಡಬೇಕು.

## ಇನ್‌ಸ್ಟಾಲ್

ವಿಂಡೋಸ್ ಇಟ್ಕೊಂಡು ಪಕ್ಕದಲ್ಲೇ ಹಾಕಬಹುದಾ?

ಹಾಕಬಹುದು. ಆನ್ ಮಾಡಿದಾಗ ಯಾವುದು ಬೇಕು ಅಂತ ಮೆನು ಕೇಳುತ್ತದೆ. ಯಂತ್ರ ಒಂದೇ ಇದ್ದು, ಟ್ಯಾಲಿಯಂಥದ್ದು ಆಗಾಗ ಬೇಕಿದ್ದರೆ ಇದೇ ದಾರಿ. ಹಳೆ ಯಂತ್ರ, ಸಾಧಾರಣ ಕೆಲಸ ಅಂದರೆ ವಿಂಡೋಸ್ ಪೂರ್ತಿ ತೆಗೆದು ಲಿನಕ್ಸ್ ಒಂದನ್ನೇ ಹಾಕುವುದು ಸುಲಭ, ತೊಂದರೆ ಕಡಿಮೆ.

ಪಕ್ಕದಲ್ಲಿ ಹಾಕುವವರು ವಿಂಡೋಸ್ ಒಳಗೆ ಮೂರು ಕೆಲಸ ಮುಗಿಸಿಕೊಳ್ಳಿ. ಮೊದಲನೆಯದು ಬಿಟ್‌ಲಾಕರ್. ಹೊಸ ಲ್ಯಾಪ್‌ಟಾಪುಗಳಲ್ಲಿ ನಿಮಗೆ ಗೊತ್ತಿಲ್ಲದೆಯೇ ಡಿಸ್ಕಿಗೆ ಬೀಗ ಬಿದ್ದಿರುತ್ತದೆ. ಸೆಟಿಂಗ್ಸ್‌ನ ಡಿವೈಸ್ ಎನ್‌ಕ್ರಿಪ್ಷನ್‌ನಲ್ಲಿ ಅದನ್ನು ಆಫ್ ಮಾಡಿ, ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯಿರಿ. ಅದಕ್ಕೂ ಮುಂಚೆ 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಿ. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿರುತ್ತದೆ. ಎರಡನೆಯದು, ಪವರ್ ಆಯ್ಕೆಗಳಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚಿರುವುದಿಲ್ಲ, ಅದರ ಫೈಲುಗಳನ್ನು ಲಿನಕ್ಸ್‌ನಿಂದ ಬದಲಿಸಲು ಬಿಡುವುದಿಲ್ಲ. ಮೂರನೆಯದು, ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಸಿ ಡ್ರೈವನ್ನು ಕುಗ್ಗಿಸಿ ಕನಿಷ್ಠ 50 ಜಿಬಿ ಖಾಲಿ ಜಾಗ ಬಿಡಿ. 100 ಬಿಟ್ಟರೆ ಇನ್ನೂ ಒಳ್ಳೇದು. ಆ ಖಾಲಿ ಜಾಗವನ್ನು ಫಾರ್ಮ್ಯಾಟ್ ಮಾಡಬೇಡಿ, ಹಾಗೇ ಇರಲಿ.

ಮಧ್ಯದಲ್ಲಿ ಕರೆಂಟ್ ಹೋದ್ರೆ ಏನಾಗುತ್ತೆ?

ನಮ್ಮ ಕಡೆ ಜೂನ್‌ನಿಂದ ಈ ಪ್ರಶ್ನೆ ದಿನಾ ಬರುತ್ತದೆ. ಫೈಲು ಕಾಪಿ ಆಗುವಾಗ ಹೋದರೆ ಮತ್ತೆ ಮೊದಲಿಂದ ಮಾಡಿದರಾಯಿತು. ಡಿಸ್ಕಿನ ಭಾಗಗಳನ್ನು ಕುಗ್ಗಿಸುವಾಗ ಹೋದರೆ ಒಳಗಿನ ಫೈಲುಗಳಿಗೇ ಅಪಾಯ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿಸಿಕೊಂಡು ಕೂರಿ. ಬ್ಯಾಟರಿ ಸತ್ತಿರುವ ಹಳೆ ಲ್ಯಾಪ್‌ಟಾಪ್, ಡೆಸ್ಕ್‌ಟಾಪ್‌ಗಳಿಗೆ ಯುಪಿಎಸ್ ಬೇಕು. ಗುಡುಗು ಮಿಂಚು ಇರುವ ಸಂಜೆ ಶುರುವೇ ಮಾಡಬೇಡಿ. ಎಸ್‌ಎಸ್‌ಡಿ ಇದ್ದರೆ ಒಟ್ಟು ಕೆಲಸ ಅರ್ಧ ಗಂಟೆ ಒಳಗೆ ಮುಗಿಯುತ್ತದೆ.

ಇನ್‌ಸ್ಟಾಲರ್‌ನಲ್ಲಿ ನನ್ನ ಡಿಸ್ಕೇ ಕಾಣ್ತಿಲ್ಲ

ಇಂಟೆಲ್ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಆರ್‌ಎಸ್‌ಟಿ ಅಥವಾ ರೇಡ್ ಅನ್ನುವ ರೀತಿಯಲ್ಲಿ ಸೆಟ್ ಆಗಿದ್ದರೆ ಹೀಗಾಗುತ್ತದೆ. ಬಯಾಸ್‌ನಲ್ಲಿ, ಅಂದರೆ ಆನ್ ಮಾಡಿದ ಕೂಡಲೇ ಕೀ ಒತ್ತಿ ಹೋಗುವ ಯಂತ್ರದ ಸೆಟಪ್‌ನಲ್ಲಿ, ಅದನ್ನು ಎಎಚ್‌ಸಿಐಗೆ ಬದಲಿಸಬೇಕು. ವಿಂಡೋಸ್ ಉಳಿಸಿಕೊಳ್ಳುವವರು ಇದನ್ನು ನೇರ ಬದಲಿಸಿದರೆ ವಿಂಡೋಸ್ ಏಳದೇ ಹೋಗಬಹುದು. ಮೊದಲು ವಿಂಡೋಸನ್ನು ಸೇಫ್ ಮೋಡ್‌ಗೆ ಹೋಗುವಂತೆ ಮಾಡಿ, ರೀಸ್ಟಾರ್ಟ್ ಆಗುವಾಗ ಬಯಾಸ್‌ನಲ್ಲಿ ಬದಲಿಸಿ, ಸೇಫ್ ಮೋಡ್‌ನಲ್ಲಿ ಒಂದು ಸಲ ಎದ್ದ ಮೇಲೆ ಮಾಮೂಲಿಗೆ ತನ್ನಿ.

ಸೆಕ್ಯೂರ್ ಬೂಟ್ ಆಫ್ ಮಾಡ್ಬೇಕಾ?

ಸೆಕ್ಯೂರ್ ಬೂಟ್ ಅಂದರೆ ನಂಬಿಕಸ್ಥ ಸಹಿ ಇಲ್ಲದ ಸಿಸ್ಟಮ್ ಶುರುವಾಗದಂತೆ ತಡೆಯುವ ಕಾವಲು. ಮಿಂಟ್, ಉಬುಂಟು, ಫೆಡೋರಾಗಳಿಗೆ ಅದನ್ನು ಆಫ್ ಮಾಡುವುದು ಸಾಮಾನ್ಯವಾಗಿ ಬೇಡ. ಎನ್‌ವಿಡಿಯಾದಂಥ ಹೊರಗಿನ ಡ್ರೈವರ್ (ಯಂತ್ರದ ಒಂದು ಭಾಗವನ್ನು ನಡೆಸುವ ಸಾಫ್ಟ್‌ವೇರ್) ಹಾಕುವಾಗ ಒಂದು ಪಾಸ್‌ವರ್ಡ್ ಇಡಲು ಹೇಳುತ್ತದೆ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬಂದರೆ ಹೆದರಬೇಡಿ. ಅಲ್ಲಿ ಎನ್‌ರೋಲ್ ಅಂತ ಇರುವುದನ್ನು ಆರಿಸಿ ಅದೇ ಪಾಸ್‌ವರ್ಡ್ ಕೊಡಿ.

## ಹಾಕಿದ ಮೇಲೆ

ವೈಫೈ ಬರ್ತಿಲ್ಲ. ಡ್ರೈವರ್ ಹಾಕೋಕೆ ನೆಟ್ ಬೇಕು, ನೆಟ್‌ಗೆ ಡ್ರೈವರ್ ಬೇಕು!

ಫೋನನ್ನು ಚಾರ್ಜಿಂಗ್ ಕೇಬಲ್‌ನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಫೋನಿನ ಸೆಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ನೆಟ್ ಕೂಡಲೇ ಬರುತ್ತದೆ. ಆಮೇಲೆ ಮಿಂಟ್‌ನ ಡ್ರೈವರ್ ಮ್ಯಾನೇಜರ್ ತೆರೆಯಿರಿ. ಬ್ರಾಡ್‌ಕಾಮ್ ಚಿಪ್ ಇರುವ ಹಳೆ ಲ್ಯಾಪ್‌ಟಾಪುಗಳಲ್ಲಿ ಈ ತೊಂದರೆ ಜಾಸ್ತಿ, ಡ್ರೈವರ್ ಅಲ್ಲೇ ಸಿಗುತ್ತದೆ.

ನುಡಿ ಥರ ಟೈಪ್ ಮಾಡೋಕೆ ಆಗುತ್ತಾ?

ಖಂಡಿತ ಆಗುತ್ತದೆ. ಕನ್ನಡ ಇಲ್ಲದ ಕಂಪ್ಯೂಟರ್ ನಮಗೆ ಅರ್ಧ ಕಂಪ್ಯೂಟರ್, ಅಲ್ವಾ? ಕೀಬೋರ್ಡ್ ಸೆಟಿಂಗ್ಸ್‌ನ ಲೇಔಟ್ ಪಟ್ಟಿಯಲ್ಲೇ ಕನ್ನಡ ಕಗಪ ಅಂತ ಇದೆ. ಕಚೇರಿಗಳಲ್ಲಿ ನುಡಿ ಬಳಸಿದವರ ಬೆರಳಿಗೆ ಪರಿಚಯ ಇರುವ ವಿನ್ಯಾಸ ಅದೇ. ಬರಹದ ಥರ ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರಣೆಯಂತೆ ಬರೆಯುವವರು ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಐಬಸ್ ಅನ್ನುವ ಟೈಪಿಂಗ್ ಸಾಧನ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿಕೊಳ್ಳಿ. ಲಾಗ್‌ಔಟ್ ಆಗಿ ಬಂದ ಮೇಲೆ ಐಬಸ್ ಪಟ್ಟಿಗೆ ಕನ್ನಡ ಐಟ್ರಾನ್ಸ್ ಸೇರಿಸಿ. ಇನ್‌ಸ್ಕ್ರಿಪ್ಟ್ ಕಲಿತವರಿಗೆ ಅದೂ ಇದೆ.

ಅಕ್ಷರ ಮುದ್ದಾಗಿ ಕಾಣಬೇಕಾದರೆ ಗುಬ್ಬಿ, ನವಿಲು ಅನ್ನುವ ಕನ್ನಡ ಫಾಂಟುಗಳು ಅಲ್ಲೇ ಪುಕ್ಕಟೆ ಸಿಗುತ್ತವೆ. ನೋಟೋ ಸಾನ್ಸ್ ಕನ್ನಡ ಕೂಡ ಪರದೆಯಲ್ಲಿ ಓದಲು ಹಿತ.

ಹಳೇ ನುಡಿ ಫೈಲ್ ತೆರೆದ್ರೆ ಏನೇನೋ ಅಕ್ಷರ ಬರ್ತಿದೆ

ಅವು ಯುನಿಕೋಡ್ ಬರುವ ಮುಂಚಿನ ಪದ್ಧತಿಯಲ್ಲಿ ಬರೆದ ಫೈಲುಗಳು. ಒಳಗೆ ಇರುವುದು ಇಂಗ್ಲಿಷ್ ಚಿಹ್ನೆಗಳೇ, ನುಡಿ ಫಾಂಟು ಅವನ್ನು ಕನ್ನಡದಂತೆ ತೋರಿಸುತ್ತಿತ್ತು. ಆಸ್ಕಿಯಿಂದ ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಇವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಒಂದು ಸಲ ಕಣ್ಣಾಡಿಸಿ. ಲಿನಕ್ಸ್ ಹಾಕದೇ ಇದ್ದರೂ ಈ ಕೆಲಸ ಮಾಡಿಟ್ಟುಕೊಳ್ಳಿ. ಆ ಫಾಂಟು ಇಲ್ಲದ ಕಡೆ ನಿಮ್ಮ ಬರಹವನ್ನು ಯಾರೂ ಓದಲಾರರು.

ಪ್ರಿಂಟರ್ ಕೆಲಸ ಮಾಡುತ್ತಾ?

ಎಚ್‌ಪಿ ಬಹುಪಾಲು ಚುಚ್ಚಿದ ಕೂಡಲೇ ಸಿಗುತ್ತದೆ. ಲೇಸರ್‌ಜೆಟ್ ಪಿ1108ನಂಥ ಕೆಲವಕ್ಕೆ ಎಚ್‌ಪಿಯದೇ ಪ್ಲಗಿನ್ ಇಳಿಸಬೇಕು. ಎಪ್ಸನ್ ಇಂಕ್‌ಟ್ಯಾಂಕ್‌ಗಳಿಗೂ ಡ್ರೈವರ್ ಇದೆ. ನಮ್ಮ ಕಡೆ ಜೆರಾಕ್ಸ್ ಅಂಗಡಿಗಳಲ್ಲಿ ಕಾಣುವ ಕ್ಯಾನನ್ ಎಲ್‌ಬಿಪಿ2900 ಮಾತ್ರ ಬಹಳ ಕಾಡುತ್ತದೆ. ಅದೇ ನಿಮ್ಮ ಪ್ರಿಂಟರ್ ಆದರೆ ವಿಂಡೋಸನ್ನು ಪಕ್ಕದಲ್ಲಿ ಉಳಿಸಿಕೊಳ್ಳಿ.

ಆಂಟಿವೈರಸ್ ಯಾವುದು ಹಾಕ್ಲಿ?

ಮನೆ ಬಳಕೆಗೆ ಬೇಕಿಲ್ಲ. ಸಾಫ್ಟ್‌ವೇರುಗಳನ್ನು ಸಾಫ್ಟ್‌ವೇರ್ ಮ್ಯಾನೇಜರ್‌ನಿಂದಲೇ ಹಾಕಿ, ಅಪ್‌ಡೇಟ್ ಬಿಡಬೇಡಿ. ಆದರೆ ಓಟಿಪಿ ಕೇಳಿ ಮೋಸ ಮಾಡುವವರಿಗೆ ಯಾವ ಸಿಸ್ಟಮ್ ಆದರೂ ಒಂದೇ, ಅಲ್ಲಿ ನಿಮ್ಮ ಎಚ್ಚರವೇ ಕಾವಲು.

## ಸ್ವಲ್ಪ ಪಳಗಿದವರಿಗೆ

ಲಿನಕ್ಸ್ ಹಾಕಿದ್ಮೇಲೆ ವಿಂಡೋಸ್‌ನಲ್ಲಿ ಗಡಿಯಾರ ಐದೂವರೆ ಗಂಟೆ ಹಿಂದೆ ಹೋಗ್ತಿದೆ

ಆ ಐದೂವರೆಯೇ ಸುಳಿವು. ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯ ಬರೆಯುತ್ತದೆ. ವಿಂಡೋಸ್ ಅದನ್ನೇ ನಮ್ಮ ಊರಿನ ಸಮಯ ಅಂದುಕೊಳ್ಳುತ್ತದೆ. ಎರಡಕ್ಕೂ ಇರುವ ಅಂತರ 5 ಗಂಟೆ 30 ನಿಮಿಷ. ಲಿನಕ್ಸ್‌ನ ಟೈಮ್‌ಡೇಟ್‌ಸಿಟಿಎಲ್ ಕಮಾಂಡಿನಿಂದ ಸ್ಥಳೀಯ ಸಮಯ ಬರೆಯುವಂತೆ ಮಾಡಿದರೆ ಸರಿಹೋಗುತ್ತದೆ.

ವಿಂಡೋಸ್ ಅಪ್‌ಡೇಟ್ ಆದ್ಮೇಲೆ ಲಿನಕ್ಸೇ ಮಾಯ!

ಮಾಯ ಆಗಿಲ್ಲ. ಬೂಟ್ ಸರದಿಯಲ್ಲಿ ವಿಂಡೋಸ್ ಮುಂದೆ ಬಂದು ನಿಂತಿದೆ, ಅಷ್ಟೇ. ಬಯಾಸ್‌ಗೆ ಹೋಗಿ ಉಬುಂಟು ಅಂತ ಇರುವುದನ್ನು ಮೇಲಕ್ಕೆ ತನ್ನಿ. ಮಿಂಟ್ ಹಾಕಿದ್ದರೂ ಅಲ್ಲಿ ಹೆಸರು ಉಬುಂಟು ಅಂತಲೇ ಇರಬಹುದು. ಪಟ್ಟಿಯಲ್ಲೇ ಇಲ್ಲದಿದ್ದರೆ ಇನ್‌ಸ್ಟಾಲ್ ಮಾಡಿದ ಪೆನ್‌ಡ್ರೈವಿನಿಂದ ಲೈವ್ ಆಗಿ ತೆರೆದು ಬೂಟ್ ರಿಪೇರ್ ಓಡಿಸಿ. ಅದಕ್ಕೇ ಆ ಪೆನ್‌ಡ್ರೈವನ್ನು ಅಳಿಸಬೇಡಿ ಅನ್ನುವುದು.

ಟೈಮ್‌ಶಿಫ್ಟ್ ಹಾಕ್ಕೊಂಡಿದೀನಿ, ಇನ್ನು ಬ್ಯಾಕಪ್ ಬೇಡ ಅಲ್ವಾ?

ಬೇಕು. ಟೈಮ್‌ಶಿಫ್ಟ್ ಉಳಿಸುವುದು ಸಿಸ್ಟಮ್ಮನ್ನು. ಅಪ್‌ಡೇಟ್ ಕೆಟ್ಟರೆ ನಿನ್ನೆಯ ಸ್ಥಿತಿಗೆ ಹೋಗಬಹುದು. ನಿಮ್ಮ ಫೋಟೋ, ಲೆಕ್ಕ, ಪತ್ರಗಳನ್ನು ಅದು ತಾನಾಗಿ ಮುಟ್ಟುವುದಿಲ್ಲ. ಅವಕ್ಕೆ ಹೊರಗಿನ ಡಿಸ್ಕೇ ಬೇಕು.

ಇಷ್ಟ ಆಗ್ಲಿಲ್ಲ ಅಂದ್ರೆ ವಾಪಸ್ ವಿಂಡೋಸ್‌ಗೆ ಹೋಗಬಹುದಾ?

ಹೋಗಬಹುದು. ವಿಂಡೋಸ್ 8 ಅಥವಾ ಅದರ ನಂತರದ ಅಸಲಿ ವಿಂಡೋಸ್ ಜೊತೆ ಬಂದ ಲ್ಯಾಪ್‌ಟಾಪುಗಳಲ್ಲಿ ಲೈಸೆನ್ಸ್ ಕೀ ಸಾಮಾನ್ಯವಾಗಿ ಮದರ್‌ಬೋರ್ಡಿನಲ್ಲೇ ಇರುತ್ತದೆ. ಮತ್ತೆ ಹಾಕಿದಾಗ ತಾನಾಗಿ ಗುರುತಿಸಿಕೊಳ್ಳುತ್ತದೆ. ವಿಂಡೋಸ್ ಅಳಿಸುವ ಮುಂಚೆಯೇ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ಇನ್ನೊಂದು 8 ಜಿಬಿ ಪೆನ್‌ಡ್ರೈವ್ ಮಾಡಿಟ್ಟುಕೊಳ್ಳಿ. ಅಂಗಡಿಯಲ್ಲಿ ಜೋಡಿಸಿಕೊಟ್ಟ ಡೆಸ್ಕ್‌ಟಾಪ್ ಆದರೆ ಲೈಸೆನ್ಸ್ ಇದೆಯೋ ಇಲ್ಲವೋ ಬಿಲ್ ತೆಗೆದು ನೋಡಿ. ಹೋಗುವ ಮುಂಚೆ ಲಿನಕ್ಸ್‌ನಲ್ಲಿ ಬರೆದ ಫೈಲುಗಳನ್ನು ಹೊರಗೆ ಕಾಪಿ ಮಾಡಿಕೊಳ್ಳಿ. ಲಿನಕ್ಸ್ ಬಳಸುವ ಎಕ್ಸ್‌ಟ್4 ಮಾದರಿಯಲ್ಲಿ ಫಾರ್ಮ್ಯಾಟ್ ಆದ ಡಿಸ್ಕನ್ನು ವಿಂಡೋಸ್ ತಾನಾಗಿ ಓದುವುದಿಲ್ಲ.